ಕಂಬಳಿಯ ಮೇಲೆ ಒಪ್ಪಿಗೆಯಾದ ಲೇಹ್ಯ

ಪೆರಿಯಾರ್ ನದಿಯ ನೀರು ಘಟ್ಟ ಕೊರೆದುಕೊಂಡು ಕಂಬಂ ಕಣಿವೆಗೆ ಇಳಿದ ಮರುವರ್ಷ, ೧೮೯೬ರಲ್ಲಿ, ನಾನು ಕೊಂಬೈ ಹತ್ತಿರದ ಒಂದು ಸಣ್ಣ ಡಿಸ್ಪೆನ್ಸರಿಯಲ್ಲಿ ಹಾಸ್ಪಿಟಲ್ ಅಸಿಸ್ಟೆಂಟ್ ಆಗಿದ್ದೆ. ಈ ಹುದ್ದೆ ಎಂಥದೆಂದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ಡಾಕ್ಟರ ಕೆಲಸವನ್ನೆಲ್ಲ ಮಾಡಬೇಕು, ಡಾಕ್ಟರ್ ಎಂದು ಮಾತ್ರ ಕರೆಸಿಕೊಳ್ಳಬಾರದು. ನನ್ನ ಊರು ಬಳ್ಳಾರಿ ಕಡೆ. ಮದ್ರಾಸಿನಲ್ಲಿ ಕಲಿತ ಹರಕುಮುರುಕು ತಮಿಳಿನಲ್ಲಿ ರೋಗಿಗಳ ಜೊತೆ ಒದ್ದಾಡುತ್ತಿದ್ದ ನನಗೆ, ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತ ಹೆಂಗಸು ‘ಕಾಲು ಉರೀತದೆ ಸಾಮಿ’ ಎಂದಾಗ ಕಿವಿಯನ್ನೇ ನಂಬಲಾಗಲಿಲ್ಲ. ಎಲ್ಲಿಯ ಕನ್ನಡ, ಎಲ್ಲಿಯ ಕೊಂಬೈ!

ಆ ಕಣಿವೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮನೆತನಗಳು ಎಷ್ಟೋ ತಲೆಮಾರುಗಳಿಂದ ನೆಲೆಸಿವೆ ಎಂಬುದು ನನಗೆ ತಿಳಿದದ್ದು ಆಗಲೇ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು, ಜಗಳದಲ್ಲಿ ಎರಡೂ. ನನ್ನ ಭಾಷೆಯನ್ನು ಕೇಳಿ ಅವರು ನಗುತ್ತಿದ್ದರು. ‘ನೀವು ಪುಸ್ತಕ ಓದಿದಂಗೆ ಮಾತಾಡ್ತೀರ’ ಎಂದು ಹಂಗಿಸುತ್ತಿದ್ದರು. ನಾನೂ ಅವರನ್ನು ಹಂಗಿಸುತ್ತಿದ್ದೆ. ಆ ಸಲಿಗೆ ಇಲ್ಲದಿದ್ದರೆ ಈ ಪ್ರಕರಣ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬೀಳದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಬಾಗಿಲಲ್ಲಿ ನಿಂತವಳ ಹೆಸರು ಬೊಮ್ಮಕ್ಕ. ವಯಸ್ಸು ನಲವತ್ತು ದಾಟಿತ್ತು. ಅವಳ ಗಂಡ ಲಿಂಗಯ್ಯ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಇದರಲ್ಲಿ ಅವರಿಗೆ ವಿಚಿತ್ರವೇನೂ ಇರಲಿಲ್ಲ. ಅಣ್ಣನ ಮಗಳ ಮೇಲೆ ಸೋದರತ್ತೆಗೆ ಹಕ್ಕು. ತನ್ನ ಮಗ ಗೋಲಿ ಆಡುವ ಹುಡುಗನಾಗಿದ್ದರೂ ಸರಿ, ಹೆಣ್ಣು ಬೆಳೆದು ನಿಂತಿದ್ದರೂ ಸರಿ, ಕೇಳಿದ ಮೇಲೆ ಕೊಡಲೇಬೇಕು. ಬೊಮ್ಮಕ್ಕ ಹಾಗೆ ಬಂದವಳು. ಗಂಡನಿಗೆ ಊಟ ಬಡಿಸಿ, ತಲೆ ಬಾಚಿ, ಜ್ವರ ಬಂದರೆ ಹೆಗಲ ಮೇಲೆ ಹೊತ್ತು, ಅವನು ಮೀಸೆ ಬರುವ ಗಂಡಸಾಗುವ ತನಕ ಆ ಮನೆಯ ಹೊಲ, ದನ, ಬಾವಿ ಎಲ್ಲವನ್ನೂ ಒಬ್ಬಳೇ ಎತ್ತಿ ನಿಲ್ಲಿಸಿದವಳು. ಈಗ ಅವನಿಗೆ ಮೂವತ್ತು. ಸೊಸೆಯನ್ನು ಹಟ ಹಿಡಿದು ತಂದ ಅದೇ ಅತ್ತೆ ಕರಿಯಮ್ಮ, ‘ನನ್ನ ಮಗನ ಪಕ್ಕ ನಿಂತ್ರೆ ತಾಯಿ ಮಗ ಅಂತಾರೆ’ ಎಂದು ದಿನ ಬೆಳಗಾದರೆ ಮೂಗು ಮುರಿಯತೊಡಗಿದ್ದಳು. ಮೊದಲ ಹೆಂಡತಿ ತನ್ನ ಕೈಯಿಂದ ವೀಳ್ಯ ಕೊಡದೆ ಎರಡನೆಯವಳು ಹೊಸಲು ದಾಟುವಂತಿಲ್ಲ ಎಂಬುದು ಅವರ ಕಟ್ಟಳೆ. ಬೊಮ್ಮಕ್ಕ ಕೊಡುವುದಿಲ್ಲ ಎಂದಿದ್ದಳು. ಅತ್ತೆಯ ಬಾಯಿ ಮುಚ್ಚಿಸಲು ಅವಳು ಹಿಡಿದ ದಾರಿಯೇ ಲೇಹ್ಯ.

ಅದು ದಿಂಡಿಗಲ್‌ನಿಂದ ಬರುತ್ತಿತ್ತು. ಪಿಂಗಾಣಿ ಭರಣಿ, ಮೇಲೆ ತಮಿಳಿನಲ್ಲಿ ಅಚ್ಚು ಹಾಕಿದ ಕಾಗದ: ಮುಪ್ಪು ಹಿಂದೆ ಸರಿಯುತ್ತದೆ, ನರೆ ಕಪ್ಪಾಗುತ್ತದೆ, ಸುಕ್ಕು ಬಿಡುತ್ತದೆ. ದಿನಕ್ಕೆ ಕಡಲೆಕಾಳಿನಷ್ಟು, ಹಾಲಿನ ಜೊತೆ. ಕಣಿವೆಯಲ್ಲಿ ಅದನ್ನು ತಿನ್ನುವವರು ಎಷ್ಟು ಮಂದಿ ಎಂದು ನಾನು ವಿಚಾರಿಸತೊಡಗಿದೆ. ಹಲ್ಲು ನೋವಿಗೆ ಬಂದವರನ್ನೂ ಕೇಳಿದೆ, ಕಣ್ಣು ನೋವಿಗೆ ಬಂದವರನ್ನೂ ಕೇಳಿದೆ. ತಿಂದವರೆಲ್ಲ ಹೊಗಳುವವರೇ. ಹಸಿವು ಹೆಚ್ಚಿತು, ಕೆನ್ನೆ ತುಂಬಿಕೊಂಡಿತು, ಮುಖಕ್ಕೆ ಹೊಳಪು ಬಂತು, ಗುಡ್ಡ ಹತ್ತಿದರೆ ಏದುಸಿರಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ಈ ಕಥೆಯ ದರಿದ್ರ.

‘ಬಿಟ್ಟು ನೋಡಿದಿರಾ?’ ಎಂದು ಒಬ್ಬ ಮುದುಕನನ್ನು ಕೇಳಿದೆ.

‘ಬಿಟ್ಟೆ ಸಾಮಿ. ಮುಖ ಬಾಡೋಯ್ತು, ಹೊಟ್ಟೆ ತೊಳಸ್ತು. ಮುಪ್ಪು ಓಡೋಡಿ ಬಂತು. ತಿರ್ಗ ತಿಂದೆ, ಸರಿಯಾಯ್ತು. ಒಳ್ಳೆ ಮರುಂದು!’ ಮರುಂದು ಎಂದರೆ ಅವರ ಬಾಯಲ್ಲಿ ಮದ್ದು.

ವೈದ್ಯ ಕಲಿತವನಿಗೆ ಇಷ್ಟು ಸಾಕು. ಆರ್ಸೆನಿಕ್, ಅಂದರೆ ಪಾಷಾಣ, ಚೂರುಚೂರೇ ಹೊಟ್ಟೆಗೆ ಹೋದರೆ ಮೊದಲು ಹೀಗೇ ಮೋಸದ ಕಳೆ ತರುತ್ತದೆ. ಬಿಟ್ಟರೆ ದೇಹ ಹಠ ಮಾಡುತ್ತದೆ. ತಿನ್ನುತ್ತ ಹೋದರೆ ಅಂಗೈ ಅಂಗಾಲುಗಳಲ್ಲಿ ಆಣಿಗಳಂತೆ ಗಂಟುಗಳು ಏಳುತ್ತವೆ, ಮೈಮೇಲೆ ಕಪ್ಪು ಹರಡಿ ನಡುವೆ ಬಿಳಿ ಚುಕ್ಕೆಗಳು ಬೀಳುತ್ತವೆ, ಪಾದಗಳು ಜೋಮು ಹಿಡಿಯುತ್ತವೆ. ಬೊಮ್ಮಕ್ಕನಿಗೆ ಇದೆಲ್ಲವೂ ಆಗಿತ್ತು. ಭರಣಿಯಿಂದ ಒಂದಿಷ್ಟು ಲೇಹ್ಯ ತರಿಸಿ, ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಕುದಿಸಿ, ಉಜ್ಜಿ ತೊಳೆದ ತಾಮ್ರದ ಪಟ್ಟಿಯನ್ನು ಅದರೊಳಗೆ ಇಳಿಸಿದೆ. ಪಾಷಾಣವಿದ್ದರೆ ತಾಮ್ರದ ಮೇಲೆ ಬೂದುಗಪ್ಪು ಪದರ ಕೂರಬೇಕು. ಕೂತಿತು.

‘ಇದು ವಿಷ. ಇವತ್ತೇ ಬಿಡು’ ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ‘ಬಿಟ್ರೆ ಮುದುಕಿ ಆಯ್ತೀನಿ.’

‘ಬಿಡದಿದ್ದರೆ ಹೆಣ ಆಗ್ತೀಯ.’

‘ಹೆಣಕ್ಕೆ ಯಾರೂ ವಯಸ್ಸು ಕೇಳಲ್ಲ ಸಾಮಿ’ ಎಂದು ನಕ್ಕಳು. ನನಗೆ ಮೈ ಉರಿದುಹೋಯಿತು. ಬೈದೆ. ಬಾಯಿಗೆ ಬಂದಂತೆ ಬೈದೆ. ಕೊನೆಗೆ ಭರಣಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಆಯ್ತು, ನಿಮ್ಮ ಮಾತು ನಂಬ್ತೀನಿ, ಕಾಲು ಸರಿ ಮಾಡಿ’ ಎಂದಳು. ಆ ಹೆಂಗಸು ನಂಬಿದಳು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಬೇರೆ ಯಾರೂ ನಂಬಲಿಲ್ಲ.

ಮೇಲಧಿಕಾರಿಗೆ ತಿಳಿಸಿದೆ. ಸ್ಯಾಂಪಲ್ಲನ್ನು ಮದ್ರಾಸಿನ ರಾಸಾಯನಿಕ ಪರೀಕ್ಷೆಗೆ ಕಳಿಸಬೇಕಾದರೆ ಮ್ಯಾಜಿಸ್ಟ್ರೇಟರ ಮೂಲಕ ಹೋಗಬೇಕು, ಅದಕ್ಕೆ ಯಾರಾದರೂ ಸತ್ತಿರಬೇಕು ಇಲ್ಲವೇ ವಿಷ ಹಾಕಿದರೆಂದು ದೂರು ಕೊಟ್ಟಿರಬೇಕು ಎಂದರು. ‘ತಾವಾಗಿ ತಿಂದವರು ಯಾರ ಮೇಲೆ ದೂರು ಕೊಡುತ್ತಾರಯ್ಯಾ?’ ಎಂದು ನನ್ನನ್ನೇ ಕೇಳಿದರು. ಸರಿ, ನಾನೇ ಹೋಗುತ್ತೇನೆಂದು ರಜೆ ಹಾಕಿ, ಎತ್ತಿನ ಗಾಡಿಯಲ್ಲಿ ತೇನಿ, ಪೆರಿಯಕುಳಂ ದಾಟಿ, ಅಮ್ಮಯನಾಯಕನೂರಿನಲ್ಲಿ ರೈಲು ಹಿಡಿದು ದಿಂಡಿಗಲ್‌ಗೆ ಹೋದೆ.

ಲೇಹ್ಯದ ಅಂಗಡಿ ತೊಗಲು ಹದ ಮಾಡುವ ಬೀದಿಯ ಪಕ್ಕದಲ್ಲಿತ್ತು. ಮೂಗು ಮುಚ್ಚಿಕೊಂಡರೂ ತಡೆಯಲಾಗದ ನಾತದ ನಡುವೆ ಮಾಲೀಕ ಗಂಧ ಹಚ್ಚಿಕೊಂಡು ಕೂತಿದ್ದ. ಓದಿದವನು, ಇಂಗ್ಲಿಷ್ ಬಲ್ಲವನು, ಮರ್ಯಾದೆಯವನು. ಕಾಫಿ ತರಿಸಿದ. ಪಾಷಾಣವಿದೆಯೇ ಎಂದರೆ, ‘ಶುದ್ಧಿ ಮಾಡಿದ್ದು’ ಎಂದ. ಮಾರುವ ಮುಂಚೆ ಒಂದು ವರ್ಷ ಜನರ ಮೇಲೆ ಪ್ರಯೋಗ ಮಾಡಿದ್ದೇನೆ, ತಿಂದವರ ಅನುಭವವನ್ನೆಲ್ಲ ಬರೆಸಿಕೊಂಡಿದ್ದೇನೆ ಎಂದು ಪತ್ರಗಳ ಕಟ್ಟನ್ನು ತೋರಿಸಿದ. ಎಲ್ಲವೂ ಹೊಗಳಿಕೆ.

‘ಮೊದಲು ಬರೆದು ಆಮೇಲೆ ಬರೆಯದೆ ಇದ್ದವರು?’ ಎಂದೆ.

‘ಬರೆಯದಿದ್ದರೆ ಸುಖವಾಗಿದ್ದಾರೆ ಎಂದರ್ಥ.’

ಸತ್ತವರು ಕಾಗದ ಬರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಿದೆ. ಅವನು ಸಿಟ್ಟಾಗಲಿಲ್ಲ. ಒಂದು ಭರಣಿಯನ್ನು ತಿರುಗಿಸಿ ಕಾಗದದ ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದ: ‘ಕಂಬಂ ಕಣಿವೆಯಲ್ಲಿ ಕಂಬಳಿಯ ಮೇಲೆ ಒಪ್ಪಿಗೆಯಾದ ಲೇಹ್ಯ.’ ನನಗೆ ಅರ್ಥವಾಗಲಿಲ್ಲ. ‘ನಿಮ್ಮ ಜನರನ್ನೇ ಕೇಳಿ’ ಎಂದು ಕೈ ಮುಗಿದ.

ಕೊಂಬೈಗೆ ಮರಳಿದ ಮೇಲೆ ಕೇಳಿದೆ. ಆ ಒಕ್ಕಲುಗಳ ನ್ಯಾಯ ಕಂಬಳಿಯ ಮೇಲೆ ನಡೆಯುತ್ತದೆ. ಕರಿ ಕಂಬಳಿ ಹಾಸಿ, ನಡುವೆ ನೀರು ತುಂಬಿದ ಚೊಂಬಿಟ್ಟು, ಗೌಡರು ಅದರ ಮೇಲೆ ಕೂತು ಆಡಿದ ಮಾತು ದೇವರ ಮಾತು. ಅದನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನು ಮತ್ತೆಂದೂ ಕಂಬಳಿ ತುಳಿಯುವಂತಿಲ್ಲ. ಹೊರಗಿನಿಂದ ಬಂದ ಲೇಹ್ಯವನ್ನು ತಿನ್ನಬಹುದೇ, ಅದರಲ್ಲಿ ಮೈಲಿಗೆ ಇದೆಯೇ ಎಂಬ ಪ್ರಶ್ನೆ ಬಂದಾಗ, ಗೌಡರಾದ ಚೆನ್ನಯ್ಯನವರು ಕಂಬಳಿಯ ಮೇಲೆ ಕೂತು ಎಲ್ಲರೆದುರು ತಿಂದು, ‘ಇದು ಸುದ್ಧ. ಇದ್ರಿಂದ ಯಾರಿಗೂ ಕೇಡಿಲ್ಲ’ ಎಂದು ನುಡಿದುಬಿಟ್ಟಿದ್ದರು. ಭರಣಿ ಕೊಟ್ಟು ಹೀಗೆ ನುಡಿಸಿದವನು ಆ ದಿಂಡಿಗಲ್ ಮಹಾಶಯನೇ. ಭಲೇ ಬುದ್ಧಿವಂತ!

ನಾನು ತಿರುಗಿ ಬರುವಷ್ಟರಲ್ಲಿ ಕರಿಯಮ್ಮ ಸೊಸೆಯ ಬೆನ್ನಿನ ಬಿಳಿ ಚುಕ್ಕೆಗಳನ್ನು ಬಾವಿಕಟ್ಟೆಯಲ್ಲಿ ನೋಡಿ ಊರೆಲ್ಲ ಸಾರಿಯಾಗಿತ್ತು: ಕುಷ್ಠ. ಕುಷ್ಠವಿರುವ ಹೆಂಡತಿಯಿಂದ ವೀಳ್ಯ ಬೇಕಿಲ್ಲ. ಅವಳನ್ನು ಹೊರಗಿಟ್ಟು ಇನ್ನೊಬ್ಬಳನ್ನು ತರಬಹುದು. ಮುಪ್ಪು ಮುಚ್ಚಲು ತಿಂದದ್ದೇ ಮನೆ ಬಿಡಿಸಲು ನೆವವಾಯಿತು.

ಕಂಬಳಿ ಹಾಸಿದ ದಿನ ನಾನು ಕರೆಯದೆ ಹೋದೆ. ಹೊರಗಿನವನಾದ್ದರಿಂದ ಅಂಚಿನಲ್ಲಿ ನಿಲ್ಲಿಸಿದರು. ಬೊಮ್ಮಕ್ಕ ಇನ್ನೂ ದೂರದಲ್ಲಿ, ಬೇವಿನ ಮರದಡಿ. ಲಿಂಗಯ್ಯ ಅಮ್ಮನ ಪಕ್ಕ ನೆಲ ಕೆದಕುತ್ತ ಕೂತಿದ್ದ.

ಕುಷ್ಠದ ಮಚ್ಚೆಗೆ ಸ್ಪರ್ಶ ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಒಬ್ಬ ಹೆಂಗಸಿನ ಕೈಗೆ ಸೂಜಿ ಕೊಟ್ಟು, ಬೊಮ್ಮಕ್ಕನ ಕಣ್ಣು ಮುಚ್ಚಿಸಿ, ಬಿಳಿ ಚುಕ್ಕೆಗಳ ಮೇಲೇ ಚುಚ್ಚಿಸಿದೆ. ಪ್ರತಿ ಸಲವೂ ‘ಸ್ಸ್’ ಎಂದಳು. ಎಲ್ಲರೂ ಕೇಳಿಸಿಕೊಂಡರು. ‘ಇದು ಕುಷ್ಠವಲ್ಲ, ಲೇಹ್ಯದ ಪಾಷಾಣ’ ಎಂದು ತಾಮ್ರದ ಪಟ್ಟಿಯನ್ನು ಎತ್ತಿ ಹಿಡಿದೆ.

ಚೆನ್ನಯ್ಯ ಗೌಡರು ಅದರತ್ತ ನೋಡಲಿಲ್ಲ. ‘ಲೇಹ್ಯದಿಂದ ಕೇಡಿಲ್ಲ ಅಂತ ಕಂಬಳಿ ಹೇಳಿಯಾಗದೆ ಡಾಕ್ಟ್ರೆ.’

‘ಕಂಬಳಿಗೆ ತಪ್ಪು ತಿಳಿಸಿದ್ದಾರೆ.’

‘ಕಂಬಳಿಗೆ ತಪ್ಪಿಲ್ಲೆ. ಲೇಹ್ಯದ್ದಲ್ಲ ಅಂದ್ಮೇಲೆ ಇನ್ನೇನು? ಕುಷ್ಠವೇ.’

ಹೊದ್ದ ಶಾಲಿನೊಳಗೆ ಅವರು ಎರಡೂ ಕೈ ಹುದುಗಿಸಿಕೊಂಡಿದ್ದರು. ಬಿಸಿಲು ಚುರುಚುರು ಸುಡುತ್ತಿತ್ತು, ಬೆವರು ಇಳಿಯುತ್ತಿತ್ತು, ಕೈ ಮಾತ್ರ ಹೊರಗೆ ಬರಲಿಲ್ಲ. ನನಗೆ ಆಗ ಹೊಳೆಯಿತು. ‘ಗೌಡರೇ, ನಿಮ್ಮ ಅಂಗೈ ತೋರಿಸಿ’ ಎಂದೆ.

‘ಕೆಲಸ ಮಾಡಿದ ಕೈ. ತೋರ್ಸಕ್ಕೆ ಏನೈತೆ?’ ಎಂದರು.

‘ಅವಳದ್ದು ಕುಷ್ಠವಾದರೆ ನಿಮ್ಮದೂ ಕುಷ್ಠ. ನಿಮ್ಮದು ಲೇಹ್ಯದ್ದಾದರೆ ಅವಳದ್ದೂ ಲೇಹ್ಯದ್ದು. ಒಂದು ಮಾತು ಹೇಳಿ, ಇಬ್ಬರೂ ಉಳಿಯುತ್ತೀರಿ.’

ಅವರು ನನ್ನನ್ನು ನೋಡಿದರು. ಆ ಕಣ್ಣುಗಳಲ್ಲಿ ಭಯವಿತ್ತು, ಬೇಡಿಕೆಯೂ ಇತ್ತು, ಅದನ್ನು ಸುಳ್ಳೆನ್ನಲಾರೆ. ಆಮೇಲೆ ಮುಖ ತಿರುಗಿಸಿ, ‘ಅವ್ಳು ಹೊಲದ ಕೊಟ್ಟಿಗೇಲಿ ಇರ್ಲಿ. ಕೂಳು ಕಳ್ಸಿ’ ಎಂದು ಮುಗಿಸಿದರು. ಇಬ್ಬರು ಗಂಡಸರು ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದರು. ನಾನು ಲಿಂಗಯ್ಯನ ಹೆಸರು ಹಿಡಿದು ಕೂಗಿದೆ. ಅವನು ತಲೆ ಎತ್ತಲಿಲ್ಲ.

ಬೊಮ್ಮಕ್ಕ ಅಳಲಿಲ್ಲ. ಅವನ ಮುಂದೆ ಬಂದು ನಿಂತು, ‘ನಿನ್ಗೆ ಅಮ್ಮೆ ಎದ್ದು ಮೈಯೆಲ್ಲಾ ಸಿಡುಬಾದಾಗ ಎಲ್ಲಾ ಓಡೋದ್ರು. ನಿನ್ನ ಹೊದ್ಕೊಂಡು ಮಲಗ್ದೋಳು ನಾನು. ಇವತ್ತು ನನ್ನ ಮುಟ್ಟಕ್ಕೆ ಭಯವಾ ನಿನ್ಗೆ?’ ಎಂದಳು. ಒಂದು ಸೀರೆಗಂಟು ಹಿಡಿದು ಹೊಲದ ದಾರಿ ಹಿಡಿದಳು.

ಆ ಸುಗ್ಗಿ ಮುಗಿಯುವಷ್ಟರಲ್ಲಿ ಲಿಂಗಯ್ಯನ ಎರಡನೆಯ ಮದುವೆಯಾಯಿತು. ಚೆನ್ನಯ್ಯ ಗೌಡರು ಒಂದು ಸಂಜೆ ಮುಸುಕು ಹಾಕಿಕೊಂಡು ನನ್ನ ಮನೆಗೆ ಬಂದರು. ಅಂಗೈಯ ಗಂಟುಗಳು ಒಡೆದು ಹುಣ್ಣಾಗಿದ್ದವು. ಲೇಹ್ಯ ಬಿಡಿ, ಕಂಬಳಿಯ ಮೇಲೆ ನಿಜ ಹೇಳಿ ಎಂದೆ. ‘ಮೊದಲನೇದು ಮಾಡ್ತೀನಿ’ ಎಂದರು. ತಡವಾಗಿತ್ತು. ಹುಣ್ಣು ವಾಸಿಯಾಗದೆ, ಕೈ ಕೊಳೆತು ಸತ್ತರು. ತಲೆಯಲ್ಲಿ ನರೆಯಿರಲಿಲ್ಲ, ಎಂಥ ದೇಹ ಎಂದು ಜನ ಕೊಂಡಾಡಿದರು. ಅವರ ತಮ್ಮನ ಮಗ ಗೌಡನಾದ. ಲೇಹ್ಯ ಬರುವುದು ನಿಲ್ಲಲಿಲ್ಲ.

ಇತ್ತ ಕೊಟ್ಟಿಗೆಯಲ್ಲಿ ಬೊಮ್ಮಕ್ಕ ಪಟ್ಟು ಹಿಡಿದು ಪಥ್ಯ ಮಾಡಿದಳು. ನಾನು ಹಾಲು, ತುಪ್ಪ, ಕಬ್ಬಿಣದ ಟಾನಿಕ್ ಕೊಡುತ್ತ ಬಂದೆ. ಕೂದಲು ಬೆಳ್ಳಗಾಯಿತು, ಕೆನ್ನೆ ಇಳಿದು ಸುಕ್ಕು ಬಿತ್ತು. ಅಂಗೈ ಮಾತ್ರ ತಿಳಿಯಾಗುತ್ತ ಬಂತು. ಪಾದಕ್ಕೆ ಸ್ಪರ್ಶ ಮರಳಿತು. ಮುಂದಿನ ವರ್ಷದ ಮಳೆಯ ಹೊತ್ತಿಗೆ ಅವಳು ಬರಿಗಾಲಲ್ಲಿ ಕೆಸರಿನಲ್ಲಿ ನಿಂತು, ‘ತಣ್ಣಗೈತೆ ಸಾಮಿ!’ ಎಂದು ಕೂಗಿದಳು. ನಾನೂ ಹುಚ್ಚನಂತೆ ನಕ್ಕೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷವಾದದ್ದು ಕಡಿಮೆ.

ಕಂಬಳಿ ಹಾಸಿಸೋಣ, ಕೈ ತೋರಿಸು ಎಂದವನು ನಾನೇ. ವಾಸಿಯಾದ ಕೈಗೆ ಯಾರು ಏನು ಹೇಳಬಲ್ಲರು ಎಂದುಕೊಂಡಿದ್ದೆ. ಅವಳು ಸಭೆಯ ಎದುರು ಎರಡೂ ಅಂಗೈ ಚಾಚಿದಳು. ಹೊಸ ಗೌಡ ಎದ್ದು ಬಂದು ಹತ್ತಿರದಿಂದ ನೋಡಿದ. ಮೃದುವಾಗಿಯೇ ಮಾತಾಡಿದ. ಅವನು ಕೆಟ್ಟವನಲ್ಲ.

‘ವಾಸಿಯಾಗೈತೆ ಅಂದ್ರೆ ಕುಷ್ಠ ಅಲ್ಲ ಅಂತಾಯ್ತದೆ ಅಕ್ಕಾ. ಕುಷ್ಠ ಅಲ್ಲ ಅಂದ್ರೆ ದೊಡ್ಡಯ್ಯನ ಮಾತು ಸುಳ್ಳಾಯ್ತದೆ. ಅದ್ಕೆ ನಿನ್ಗೆ ವಾಸಿಯಾಗಿಲ್ಲೆ.’

ಬೊಮ್ಮಕ್ಕ ಚಾಚಿದ ಕೈಗಳನ್ನು ಇಳಿಸದೆಯೇ ನನ್ನ ಕಡೆ ತಿರುಗಿ, ನಿಜವಾಗಿಯೂ ಉತ್ತರ ಬೇಕಾದವಳಂತೆ ಕೇಳಿದಳು: ‘ಇದಕ್ಕೆ ಮರುಂದು ಐತಾ ಸಾಮಿ?’

ರೋಗ ಗುರುತಿಸುವುದು, ವಾಸಿ ಮಾಡುವುದು ಎರಡನ್ನೂ ನನಗೆ ಮದ್ರಾಸಿನಲ್ಲಿ ಕಲಿಸಿದ್ದರು. ವಾಸಿಯಾದವಳನ್ನು ವಾಸಿಯಾದಳೆಂದು ಒಪ್ಪಿಸುವುದು ಒಬ್ಬ ವೈದ್ಯನ ಕೈಯಲ್ಲಿಲ್ಲ ಎಂಬುದನ್ನು ನನ್ನ ಕೆಲಸ ಆ ದಿನ ಕಲಿಸಿತು. ಇಲ್ಲ ಎಂದೆ. ಅವಳು ತಲೆಯಾಡಿಸಿ ಹೊಲದ ಕಡೆಗೆ ನಡೆದಳು.