ಮೊದಲ ಬದಿಯಲ್ಲಿ ಇಲ್ಲದ ಗಿಟಾರು

ತಂಡಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆಲ್ಬಮ್ಮುಗಳ ಹೆಸರೂ ಬೇಡ. ಒಂದು ಕಾಲದಲ್ಲಿ ಅವನ್ನೆಲ್ಲ ಇಸವಿ ಸಮೇತ ಗಿಳಿಪಾಠ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ಒಬ್ಬ ಹಿರಿಯರ ಮನೆಯಲ್ಲಿ ಜೋಳದ ರೊಟ್ಟಿ ತಿಂದುಬಂದವನು ನಾನು. ಇನ್ನೊಮ್ಮೆ ಒಪ್ಪಿಸುವಷ್ಟು ಭಂಡತನ ಈಗ ಉಳಿದಿಲ್ಲ.

2017ರಲ್ಲಿ ನಾನು ತುಮಕೂರಿನಿಂದ ಈ ಹಿಮದ ದೇಶಕ್ಕೆ ಬಂದು ಇಲ್ಲಿನ ಒಂದು ಕಾಲೇಜು ಸೇರಿದ್ದೆ. ಮೆಡೋವೇಲ್ ಎಂಬ ಬಡಾವಣೆಯ ಒಂದು ಬೇಸ್‌ಮೆಂಟಿನಲ್ಲಿ ನಾವು ಹುಡುಗರು ಒಟ್ಟಿಗೆ ಇದ್ದೆವು. ಓದು ಬಿಟ್ಟರೆ ವೇರ್‌ಹೌಸಿನಲ್ಲಿ ಪಾರ್ಟ್ ಟೈಮು. ಅಡುಗೆ ಅಂದರೆ ಅನ್ನ ಮತ್ತು ಮೊಟ್ಟೆ, ಬೇಜಾರಾದ ದಿನ ಮೊಟ್ಟೆ ಮತ್ತು ಅನ್ನ. ಹಾಗಾಗಿ ಇಲ್ಲಿನ ಕನ್ನಡ ಸಂಘದ ಗಣೇಶನ ಹಬ್ಬದ ಕಾರ್ಯಕ್ರಮ ಎಂದರೆ ಕನ್ನಡಾಭಿಮಾನ ಉಕ್ಕಿ ಹರಿದು, ಎಲ್ಲರೂ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಊಟದ ಸಾಲಿನ ಹತ್ತಿರವೇ ನಿಲ್ಲುತ್ತಿದ್ದೆವು. ಅಲ್ಲಿ ಸಿಕ್ಕವರು ಡಾಕ್ಟರು. ಗದಗದ ಕಡೆಯವರು, ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದು, ಆಸ್ಪತ್ರೆಯಲ್ಲಿ ದುಡಿದು, ನಿವೃತ್ತರಾಗಿ, ದೂರದ ನಾರ್ತ್ ಯಾರ್ಕ್ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ ಹೆಂಡತಿಯೊಂದಿಗೆ ಇದ್ದವರು.

"ನಿಮ್ಮೊಳಗ ಯಾರಿಗರೆ ಹಾಡು ಕೇಳೋ ಹುಚ್ಚು ಐತೇನಪಾ?" ಎಂದು ಅವರು ನಮ್ಮ ಗುಂಪನ್ನು ಕೇಳಿದರು. "ಸಿನಿಮಾ ಹಾಡಲ್ಲ. ಲ್ಯಾಟಿನ್ ರಾಕ್. ಸಂಡೇಕ್ಕೊಮ್ಮೆ ಮನಿಗೆ ಬರ್ರಿ. ನಮ್ಮಾಕಿ ರೊಟ್ಟಿ ಮಾಡ್ತಾಳ."

ರೊಟ್ಟಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಕೈ ಮೇಲೆದ್ದಿತ್ತು. "ನಾನು ತುಂಬಾ ಕೇಳ್ತೀನಿ ಅಂಕಲ್," ಎಂದೆ. ನನಗೆ ಗೊತ್ತಿದ್ದದ್ದು ಆ ಬೇಸಿಗೆಯಲ್ಲಿ ಎಲ್ಲ ಅಂಗಡಿಗಳಲ್ಲೂ ಹಾಕುತ್ತಿದ್ದ ಒಂದೇ ಒಂದು ಸ್ಪ್ಯಾನಿಷ್ ಹಾಡು. ಅದು ರಾಕ್ ಕೂಡ ಅಲ್ಲ ಎಂದು ಆಮೇಲೆ ತಿಳಿಯಿತು.

ನಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿಗೆ ವೈವಾದ ನಿಯಮ ಗೊತ್ತು. ಎದುರಿಗೆ ಹೊರಗಿನ ಎಕ್ಸಾಮಿನರ್ ಕೂತಿರುತ್ತಾರೆ. ಗೊತ್ತಿಲ್ಲ ಎಂದು ಮಾತ್ರ ಹೇಳಬಾರದು, ಏನಾದರೂ ಬಡಬಡಿಸಬೇಕು, ಬಾಯಿ ಬಿಟ್ಟವನಿಗೆ ಮಾರ್ಕ್ಸು. ಸೀನಿಯರುಗಳು ಇದನ್ನು ವೇದದಂತೆ ಹೇಳಿಕೊಟ್ಟಿದ್ದರು. ಲ್ಯಾಬಿನಲ್ಲಿ ರೀಡಿಂಗುಗಳನ್ನು ಮೊದಲು ಬರೆದುಕೊಂಡು ಆಮೇಲೆ ಪ್ರಯೋಗ ಮಾಡುತ್ತಿದ್ದ ಜನ ನಾವು. ಡಾಕ್ಟರ ಮನೆಗೂ ನಾನು ಆ ವಿದ್ಯೆಯನ್ನೇ ಹೊತ್ತುಕೊಂಡು ಹೋದೆ.

ಮೊದಲ ಭಾನುವಾರವೇ ವಿಷಯ ತಿಳಿಯಿತು. ಒಂದು ಗೋಡೆ ತುಂಬ ಪ್ಲೇಟುಗಳು, ಹಳೆಯ ಕಾಲದ ದೊಡ್ಡ ಕಪ್ಪು ಗ್ರಾಮಫೋನ್ ಪ್ಲೇಟುಗಳು. ಡಾಕ್ಟರ ಎರಡೂ ಕಿವಿಯಲ್ಲಿ ಹಿಯರಿಂಗ್ ಏಡು. "ಮಾತು ಕೇಳಸ್ತೈತಿ," ಎಂದರು. "ಹಾಡು ಹಾಕಿದ್ರ, ತಗಡಿನ ಡಬ್ಬ್ಯಾಗ ಕಲ್ಲು ಹಾಕಿ ಅಲುಗಾಡಿಸಿದಂಗ. ಕೆಳಗಿನ ಧಡ್ ಧಡ್ ಅಷ್ಟ ಗೊತ್ತಾಗ್ತೈತಿ. ನೀ ಬಾಜೂಕ ಕೂತು ಹೇಳು ತಮ್ಮಾ, ಈಗ ಯಾವುದು ಬಂತು, ಯಾವುದು ಹೋತು. ಉಳದದ್ದು ನನ್ನ ತಲಿಯಾಗ ಐತಿ."

ಅವರಿಗೆ ಬೇಕಾಗಿದ್ದದ್ದು ಒಂದು ಜೊತೆ ಕಿವಿ. ಇದ್ದದ್ದು ಅಷ್ಟೇ ಕೆಲಸ. ಇಲ್ಲಿಗೆ ಬಂದ ಹೊಸದರಲ್ಲಿ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಅವರ ರೂಮಿನಲ್ಲಿದ್ದವರು ಚಿಲಿ ದೇಶದ ಇನ್ನೊಬ್ಬ ಡಾಕ್ಟರಂತೆ. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಇವರಿಗೆ ಸ್ಪ್ಯಾನಿಷು ಸೊನ್ನೆ. ಡ್ಯೂಟಿ ಮುಗಿಸಿ ಬಂದು ಇಬ್ಬರೂ ಮಾತಿಲ್ಲದೆ ಪ್ಲೇಟಿನ ಒಂದು ಬದಿ ಪೂರ್ತಿ ಕೇಳುತ್ತಿದ್ದರಂತೆ. ಬೆಟ್ಟದ ಕೊಳಲಿಗೆ ಎಲೆಕ್ಟ್ರಿಕ್ ಗಿಟಾರು ಸೇರಿಸಿದ ಚಿಲಿಯ ತಂಡ, ರಾಕಿನ ಮಧ್ಯೆ ಕಾಂಗಾ ಡೋಲುಗಳನ್ನು ತಂದು ಕೂರಿಸಿದ ಕ್ಯಾಲಿಫೋರ್ನಿಯಾದ ತಂಡ, ಮೂರೇ ಜನ ಸೇರಿ ಗುಡುಗುತ್ತಿದ್ದ ಅರ್ಜೆಂಟೀನಾದ ತಂಡ. "ಆ ಡೋಲು ಮೊದಲನೇ ಸಲ ಕೇಳಿದಾಗ ನಮ್ಮ ಹೋಳಿ ಹುಣ್ಣಿಮಿ ಹಲಗಿ ನೆನಪಾಗಿ ಅತ್ತಬಿಟ್ಟೆ ನೋಡು," ಎಂದು ನಗುತ್ತಿದ್ದರು. ಆ ಗೆಳೆಯ ತೀರಿಕೊಂಡಿದ್ದರು. ಪ್ಲೇಟುಗಳು ಇವರಿಗೆ ಬಂದಿದ್ದವು. ಆಮೇಲೆ ಕಿವಿ ಹೋಗಿತ್ತು.

ಪ್ಲೇಟು ಎದುರಿಗೇ ತಿರುಗುತ್ತಿರುವಾಗ ಕಿವಿಗೊಟ್ಟು ಕೇಳಿ ಹೇಳಿದ್ದರೆ ಸಾಕಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ನನಗೆ ನನ್ನ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ಯಾವುದು ಬೇಸು, ಯಾವುದು ಆರ್ಗನ್ನು ಎಂದು ತಿಳಿಯುತ್ತಿರಲಿಲ್ಲ. ತಪ್ಪು ಹೇಳಿ ಬುದ್ಧಿಗೇಡಿ ಅನ್ನಿಸಿಕೊಳ್ಳುವ ಭಯ ಬೇರೆ. ಅದಕ್ಕೇ ಮುಂದಿನ ವಾರ ಯಾವ ಪ್ಲೇಟು ಎಂದು ಹೊರಡುವಾಗಲೇ ಕೇಳಿಕೊಂಡು, ಬರುವ ದಾರಿಯಲ್ಲಿ ಬಸ್ಸು, ಸಬ್‌ವೇ ಹತ್ತಿಳಿಯುತ್ತ ಇಂಟರ್ನೆಟ್ಟಿನ ವಿಮರ್ಶೆಗಳನ್ನು ಉರು ಹೊಡೆಯುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ನಾವು ನಂಬುತ್ತಿದ್ದ, ಪಾಸಾಗುವಷ್ಟೇ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜಿನಂತೆ, ಇದಕ್ಕೂ ಒಂದು ಪ್ಯಾಕೇಜು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡಕ್ಕೆ ತಿರುಗಿಸಿ ಅವರ ಕಿವಿಯ ಬಳಿ ಬಾಗಿ ಹೇಳುತ್ತಿದ್ದೆ: "ಈಗ ಕೊಳಲು ಬಂತು ಅಂಕಲ್. ಈಗ ಡೋಲುಗಳು ಒಂದಕ್ಕೊಂದು ಮಾತಾಡ್ತಿವೆ. ಈ ಆಲ್ಬಮ್ ಆ ಕಾಲದ ಯುವಕರನ್ನೆಲ್ಲ ಎಬ್ಬಿಸಿತು."

ಡಾಕ್ಟರು ಕಣ್ಣು ಮುಚ್ಚಿಕೊಂಡು ಮುಗುಳ್ನಗುತ್ತಿದ್ದರು. ಮುಗಿದ ಮೇಲೆ, "ಭಾಳ ಛಲೋ ಹೇಳಿದಿ," ಅನ್ನುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಆಮೇಲೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬೇಸ್‌ಮೆಂಟಿಗೆ ಹೋಗುವಾಗ ಆಂಟಿ ಕಟ್ಟಿಕೊಡುತ್ತಿದ್ದ ಬುತ್ತಿ. ಉಳಿದ ಹುಡುಗರು ನನ್ನನ್ನು ಅಳಿಯದೇವರು ಎಂದು ರೇಗಿಸುತ್ತಿದ್ದರು.

ಹೀಗೆ ಚಳಿಗಾಲ ಬಂತು. ಫೆಬ್ರವರಿಯ ಒಂದು ಭಾನುವಾರ, ಹಿಂದಿನ ದಿನದ ಶಿಫ್ಟಲ್ಲಿ ಬೆನ್ನು ಮುರಿದು, ನಿದ್ದೆಗಣ್ಣಲ್ಲಿ ಹೋಗಿ ಕೂತೆ. ಅವತ್ತು ಉರು ಹೊಡೆಯಲೂ ಆಗಿರಲಿಲ್ಲ. ಫೋನನ್ನು ಸೋಫಾದ ದಿಂಬಿನ ಮರೆಯಲ್ಲಿಟ್ಟುಕೊಂಡು, ಮೊದಲ ಬದಿ ಹಾಕಿ, ನೋಡಿಕೊಂಡೇ ಹೇಳತೊಡಗಿದೆ. "ಈಗ ಗಿಟಾರು ಬಂತು ಅಂಕಲ್. ಒಂದೇ ಸ್ವರ ಹಿಡಿದು ಎಳೀತಾ ಇದಾನೆ. ಅಳ್ತಾ ಇದೆ ಗಿಟಾರು. ಈಗ ಮೇಲಕ್ಕೆ ಹೋಯ್ತು. ಹಿಂದೆ ಡೋಲುಗಳು ನಿಧಾನ ಆದವು..." ಡಾಕ್ಟರು ತಲೆಯಾಡಿಸುತ್ತಿದ್ದರು. ಒಳಗೆ ಆಂಟಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಆ ಸದ್ದು ನಿಂತಿತು. ಆಂಟಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಏನಾಗೇತೋ ನಿಮಗ? ಆಗಿನಿಂದ ಒಂದ ಕಡೆ ಸಿಕ್ಕೊಂಡು ಹೊಡಕೊಳ್ಳಾಕತ್ತೈತಿ. ನನ್ನ ಕೈ ಅದಕ್ಕ ತಾಳ ಹಾಕಿ ಹಾಕಿ ರೊಟ್ಟಿ ಹರದು ಹೋತು. ಆ ಮುಳ್ಳು ಎತ್ತೋ ತಮ್ಮಾ!"

ಆಗ ಕೇಳಿದೆ. ಪ್ಲೇಟಿನ ಮುಳ್ಳು ಒಂದು ಗೀರಿಗೆ ಸಿಕ್ಕಿಕೊಂಡು, ಅರ್ಧ ಪದ ಮತ್ತು ಎರಡು ಡೋಲಿನ ಪೆಟ್ಟು ಮಾತ್ರ ಮತ್ತೆ ಮತ್ತೆ ಬರುತ್ತಿದ್ದವು. ಗಿಟಾರು ಅಳುತ್ತಿರಲಿಲ್ಲ, ಮೇಲಕ್ಕೂ ಹೋಗಿರಲಿಲ್ಲ. ನಾನು ಎದ್ದು ಮುಳ್ಳನ್ನು ಎತ್ತಿದೆ. ಎದ್ದ ರಭಸಕ್ಕೆ ದಿಂಬು ಜಾರಿ, ಫೋನು ಡಾಕ್ಟರ ಕಾಲ ಬಳಿ ಬಿತ್ತು. ಪರದೆಯ ಮೇಲೆ ಆ ವಿಮರ್ಶೆ ಬೆಳಗುತ್ತಿತ್ತು. ಅವರು ಅದನ್ನು ನೋಡಿದರು, ಬಗ್ಗಿ ಎತ್ತಿ ನನ್ನ ಕೈಗೆ ಕೊಟ್ಟರು. "ನಡಿ, ಊಟ ಮಾಡೋಣು," ಎಂದರು. ಅಷ್ಟೇ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಊಟಕ್ಕೆ ಕೂತು ಒಂದೇ ರೊಟ್ಟಿ ಮುರಿದು ಎದ್ದೆ. ಆಂಟಿ ಯಥಾಪ್ರಕಾರ ಬುತ್ತಿ ಕಟ್ಟಿದರು. ಅದನ್ನು ಬೇಡ ಎನ್ನುವ ಮುಖವೂ ನನಗಿರಲಿಲ್ಲ.

ಮುಂದಿನ ವಾರ ಶಿಫ್ಟು ಎಂದು ಮೆಸೇಜು ಹಾಕಿದೆ. ಆಮೇಲೆ ಅಸೈನ್‌ಮೆಂಟು. ಆಮೇಲೆ ಜ್ವರ. ಸುಳ್ಳು ಹೇಳಿ ಸಿಕ್ಕಿಬಿದ್ದವನು ಮುಖ ತಪ್ಪಿಸಲು ಮತ್ತಷ್ಟು ಸುಳ್ಳು ಹೇಳುತ್ತಿದ್ದೆ. ಪ್ರತಿ ಸಲವೂ ಡಾಕ್ಟರು, "ಇರ್ಲಿ ತಮ್ಮಾ, ಮುಂದಿನ ವಾರ ಬಾ," ಎಂದೇ ಬರೆಯುತ್ತಿದ್ದರು. ಯುಗಾದಿಯ ಕಾರ್ಯಕ್ರಮದಲ್ಲಿ ಅವರ ಬಿಳಿ ತಲೆ ದೂರದಿಂದ ಕಂಡದ್ದೇ ಊಟವನ್ನೂ ಬಿಟ್ಟು ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಎಂದೂ ಕರೆದಿರಲಿಲ್ಲ.

ಹಿಮ ಪೂರ್ತಿ ಕರಗಿದ ಮೇಲೆ ಒಂದು ದಿನ, ವೇರ್‌ಹೌಸಿಗೆ ಹೋಗುವ ಬಸ್ಸಿನಲ್ಲಿ, ಏನನ್ನಿಸಿತೋ, ಆ ಪ್ಲೇಟಿನ ಹಾಡುಗಳನ್ನೇ ಫೋನಿನಲ್ಲಿ ಹಾಕಿ ಕಿವಿಗೆ ತುರುಕಿಕೊಂಡೆ. ಓದದೆ ಕೇಳಿದ್ದು ಅದೇ ಮೊದಲು. ಮೊದಲ ಬದಿ ಮುಗಿಯಿತು. ಎಳೆದು ಅಳುವ ಗಿಟಾರು ಬರಲೇ ಇಲ್ಲ. ಕಾಯುತ್ತ ಕೂತೆ. ಅದು ಬಂದದ್ದು ಎರಡನೇ ಬದಿಯ ಕೊನೆಗೆ. ನಾನು ನಿದ್ದೆಗಣ್ಣಲ್ಲಿ ತಪ್ಪು ಬದಿಯ ವಿಮರ್ಶೆಯನ್ನು ಓದಿದ್ದೆ.

ಮುಳ್ಳು ಸಿಕ್ಕಿಕೊಂಡದ್ದು ಅವರಿಗೆ ಕೇಳಿಸದಿರಬಹುದು. ಆದರೆ ಯಾವ ಬದಿಯಲ್ಲಿ ಏನಿದೆ ಎಂದು ನಲವತ್ತು ವರ್ಷದಿಂದ ತಲೆಯಲ್ಲಿ ಇಟ್ಟುಕೊಂಡ ಮನುಷ್ಯ ಅವರು. ನಾನು ಮೊದಲ ಬದಿಯಲ್ಲಿ ಗಿಟಾರು ಅಳಿಸಿದಾಗ ಅವರಿಗೆ ಎಲ್ಲ ಗೊತ್ತಿತ್ತು. ಹಾಗಾದರೆ ಉಳಿದ ಭಾನುವಾರಗಳು? ಹಳೆಯ ಪ್ಲೇಟುಗಳನ್ನೂ ಒಂದೊಂದಾಗಿ ಕೇಳಿದೆ. ಅರ್ಜೆಂಟೀನಾದ ಆ ಮೂವರ ಪ್ಲೇಟಿನಲ್ಲಿ ಕೊಳಲೇ ಇರಲಿಲ್ಲ. ನಾನು ಎರಡು ಸಲ ಊದಿಸಿದ್ದೆ. ಆಗಲೂ ಅವರು, ಭಾಳ ಛಲೋ ಹೇಳಿದಿ, ಎಂದಿದ್ದರು.

ಸಿಕ್ಕಿಬಿದ್ದ ನಾಚಿಕೆ ಒಂದು ಥರ. ಮೊದಲಿಂದಲೂ ಸಿಕ್ಕಿಬಿದ್ದೇ ಇದ್ದೆ ಎಂದು ಆಮೇಲೆ ತಿಳಿಯುವ ನಾಚಿಕೆ ಬೇರೆ. ಅದನ್ನು ಇಟ್ಟುಕೊಂಡು ಇರಲಾಗಲಿಲ್ಲ. ಆ ಭಾನುವಾರವೇ ನಾರ್ತ್ ಯಾರ್ಕಿಗೆ ಹೋದೆ.

ಡಾಕ್ಟರು ಅದೇ ಸೋಫಾದಲ್ಲಿ ಕೂತಿದ್ದರು. ಪ್ಲೇಟಿನ ಯಂತ್ರದ ಮೇಲೆ ಆಂಟಿ ಬಟ್ಟೆ ಹೊದಿಸಿದ್ದರು. ಕುಶಲ ಕೇಳುವಷ್ಟೂ ತಾಳ್ಮೆ ನನಗಿರಲಿಲ್ಲ.

"ಅಂಕಲ್, ಆ ಗಿಟಾರು ಮೊದಲನೇ ಸೈಡಲ್ಲಿ ಇಲ್ಲ."

"ಹೌದಲ್ಲ. ಎರಡನೇ ಸೈಡಿಗೈತಿ. ಕಡೀಕ."

"ಕೊಳಲೂ ಇರಲಿಲ್ಲ. ನಾನು ಯಾವುದನ್ನೂ ಕೇಳ್ತಿರ್ಲಿಲ್ಲ ಅಂಕಲ್. ಎಲ್ಲಾ ಓದಿಕೊಂಡು ಬಂದು ಹೇಳ್ತಿದ್ದೆ."

"ಗೊತ್ತೈತಿ," ಎಂದರು, ಸಿಟ್ಟಿಲ್ಲದೆ.

"ಮತ್ತೆ ಯಾಕೆ ಸುಮ್ಮನಿದ್ರಿ? ಒಂದು ಸಲ ಬೈದಿದ್ರೆ ಸರಿಹೋಗ್ತಿದ್ದೆ."

ಅವರು ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು. "ಹೇಳಿದ್ರ ನೀ ಬರ್ತಿದ್ದಿಲ್ಲ ತಮ್ಮಾ."

ಅವರು ಹೇಳಿಯೂ ಇರಲಿಲ್ಲ, ಫೋನು ಎತ್ತಿಕೊಟ್ಟಿದ್ದರು ಅಷ್ಟೇ. ಅಷ್ಟಕ್ಕೇ ನಾನು ಬರುವುದನ್ನು ಬಿಟ್ಟಿದ್ದೆ. ಬಟ್ಟೆ ಹೊದ್ದ ಆ ಯಂತ್ರವನ್ನು ನೋಡಿದೆ. ನಾನು ಬರದ ಭಾನುವಾರಗಳಲ್ಲಿ ಆ ಮನೆಯಲ್ಲಿ ಒಂದು ಪ್ಲೇಟೂ ತಿರುಗಿರಲಿಲ್ಲ.

"ಗೊತ್ತಾಗದಿದ್ರೆ ಗೊತ್ತಿಲ್ಲ ಅಂತೀನಿ ಅಂಕಲ್," ಎಂದೆ.

"ಅನ್ನು. ಯಾರ್ ಬ್ಯಾಡ ಅಂತಾರ?"

ಬಟ್ಟೆ ತೆಗೆದು ಎರಡನೇ ಬದಿ ಹಾಕಿ ಅವರ ಪಕ್ಕದಲ್ಲಿ ಕೂತೆ. ಫೋನು ಜಾಕೆಟ್ಟಿನಲ್ಲಿ, ಜಾಕೆಟ್ಟು ಬಾಗಿಲ ಬಳಿ. ಏನೋ ಬಂತು, ಅದರ ಹೆಸರು ಗೊತ್ತಿಲ್ಲ ಎಂದೆ. ಆರ್ಗನ್ ಅದು, ಎಂದು ಅವರೇ ನೆನಪಿನಿಂದ ಹೇಳಿದರು. ಒಳಗೆ ಆಂಟಿ ರೊಟ್ಟಿ ಬಡಿಯಲು ಶುರು ಮಾಡಿದರು. ಕೊನೆಯ ಹಾಡಿನ ನಡುವೆ ಅವರ ಕಿವಿಯ ಬಳಿ ಬಾಗಿ, "ಬಂತು ಅಂಕಲ್," ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಎಲ್ಲಿಯಾದರೂ ಸಿಕ್ಕಿಕೊಂಡೀತೆಂದು ಮುಳ್ಳನ್ನೇ ನೋಡುತ್ತ ಕೂತೆ.