ಏಳು ಮಿಲಿಮೀಟರ್

"ಇವ್ಳು ಪುಸ್ತಕ ಹಡೀತಾಳೆ ಬಿಡಿ, ಮಕ್ಕಳನ್ನಲ್ಲ" ಎಂದವರು ನನ್ನ ಗಂಡನ ಸೋದರತ್ತೆ. ಹೊಸನಗರದ ನಮ್ಮ ಮನೆ ಜಗಲಿಯಲ್ಲಿ ಕೂತು, ನಾನು ಕಾಫಿ ಲೋಟ ಹಿಡಿದು ಎದುರಿಗೆ ನಿಂತಿದ್ದಾಗಲೇ ಅಂದರು. ಗೇಣಿ ಮಾಡಿಕೊಂಡು ಬದುಕಿದ ನನ್ನ ತವರಿನ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ತವರೂರು ಕೋಣಂದೂರಿನಿಂದ ತೀರ್ಥಹಳ್ಳಿ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ತಂದ ಬಿಎಸ್ಸಿ ಅದು. ಓದಿದ್ದೇ ತಪ್ಪು ಅಂದವರಿಗೆ ಉತ್ತರ ಕೊಡದೆ ಬಿಡುವವಳಲ್ಲ ನಾನು. ಅವತ್ತು ಮಾತ್ರ ಲೋಟ ಅವರ ಕೈಗಿಟ್ಟು ಒಳಗೆ ಹೋದೆ. ಮಕ್ಕಳು ಯಾಕಾಗುತ್ತಿಲ್ಲ ಅಂತ ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಸಾಗರದ ಆಸ್ಪತ್ರೆಯಲ್ಲಿ, ಸ್ಕ್ಯಾನ್ ಮಾಡಿಸಿದಾಗ. ಹಿಂದೊಮ್ಮೆ ಮೂರನೇ ತಿಂಗಳಿಗೆ ಬಸಿರು ಇಳಿದು ಗರ್ಭಕೋಶ ಕ್ಲೀನ್ ಮಾಡಿಸಿದ್ದೆವು. ಆಮೇಲೆ ಒಳಗಿನ ಪದರ ದಪ್ಪ ಬೆಳೆಯುವುದನ್ನೇ ಬಿಟ್ಟಿತ್ತು. ಶಿವಮೊಗ್ಗದ ಐವಿಎಫ್ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಲ್ಯಾಬಿನಲ್ಲಿ ಬೆಳೆಸಿದ ಮೂರು ಭ್ರೂಣಗಳಲ್ಲಿ ಎರಡನ್ನು ಗರ್ಭಕೋಶಕ್ಕೆ ಹಾಕಿದರೂ ನಿಲ್ಲಲಿಲ್ಲ. ಕೊನೆಯದೊಂದನ್ನು ಫ್ರೀಜ್ ಮಾಡಿ ಇಟ್ಟಿದ್ದರು.

"ಪದರ ಏಳು ಮಿಲಿಮೀಟರ್ ಆದ್ರೆ ಇದನ್ನ ಹಾಕ್ತೀನಿ. ಐದಕ್ಕೇ ಹಾಕಿ ಕಳ್ಕೊಳ್ಳೋದು ಬೇಡ" ಎಂದರು ಡಾಕ್ಟ್ರು. ಎಷ್ಟು ಮಾತ್ರೆ ನುಂಗಿದರೂ ನನ್ನದು ಐದು ದಾಟುತ್ತಿರಲಿಲ್ಲ.

ಆಗ ಪಿಆರ್‌ಪಿ ವಿಷಯ ಬಂತು. ನನ್ನದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ತಿಳಿಯನ್ನು ಬೇರೆ ಮಾಡಿ, ಸಣ್ಣ ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುವುದು. ಗಾಯ ಮಾಯಿಸುವ ಗುಣ ಅದರಲ್ಲಿದೆ, ಪದರ ಚಿಗುರಬಹುದು ಎಂದರು ಡಾಕ್ಟ್ರು. "ಬಹುದು ಅಷ್ಟೇ. ಪೂರ್ತಿ ಸಾಬೀತಾದದ್ದಲ್ಲ, ನಾನು ಮಾತು ಕೊಡಲ್ಲ." ಗಂಡ ನನ್ನ ಮುಖ ನೋಡಿದರು. "ಮಾಡಿ" ಅಂದೆ.

ಪ್ಲೇಟ್‌ಲೆಟ್ ಅನ್ನುವ ಮಾತು ನಮ್ಮತ್ತೆಗೆ, ಅಂದರೆ ಗಂಡನ ತಾಯಿಗೆ, ಹೊಸದಲ್ಲ. ಮಾವನಿಗೆ ಮಂಗನ ಕಾಯಿಲೆ ಬಂದಾಗ ಅದು ಇಳಿದು ಮನೆಯೆಲ್ಲ ಹೆದರಿತ್ತು. ಹಾಗಾಗಿ ರಕ್ತ ಕೊಡುವ ದಿನ ಅತ್ತೆ ಬೆಳಗಿನ ಜಾವವೇ ಎದ್ದು ನಾಟಿ ಕೋಳಿ ಸಾರು ಮಾಡಿದ್ದರು. ಮೇಲೆ ಎಣ್ಣೆ ತೇಲುತ್ತಿತ್ತು. ಜೊತೆಗೆ ಕಡುಬು, ಕಡುಬಿನ ಮೇಲೆ ತುಪ್ಪ.

"ಸಾಕು ಅತ್ತೆ."

"ಎಂತ ಸಾಕು? ರಕ್ತ ತೆಗಿಯೋದು ಅವ್ರು, ತುಂಬ್ಸೋಳು ನಾನು. ತಿನ್ನು."

ಆರು ಕಡುಬು ತಿಂದು ಶಿವಮೊಗ್ಗಕ್ಕೆ ಹೊರಟೆ. ರಿಪ್ಪನ್‌ಪೇಟೆ ದಾಟುವಷ್ಟರಲ್ಲಿ ತೇಗು ಶುರುವಾಗಿತ್ತು.

ಕ್ಲಿನಿಕ್ಕಿನಲ್ಲಿ ನನ್ನ ರಕ್ತ ತಿರುಗಿಸುತ್ತಿದ್ದ ಯಂತ್ರ ನಿಂತಿತು. ಲ್ಯಾಬಿನ ಹೆಂಗಸು ಕೊಳವೆ ಎತ್ತಿ ಬೆಳಕಿಗೆ ಹಿಡಿದಳು. ಹಳದಿ ಇರಬೇಕಾದ ತಿಳಿ, ಮಜ್ಜಿಗೆಯ ಹಾಗೆ ಬೆಳ್ಳಗಿತ್ತು.

"ಬೆಳಿಗ್ಗೆ ಎಂತ ತಿಂದ್ರಿ?"

ಹೇಳಿದೆ. ಅವಳು ನಗು ತಡೆದುಕೊಂಡು, "ಬರೋವಾಗ ನಮ್ಗೂ ಒಂದ್ ಡಬ್ಬಿ ತರೋದಲ್ವಾ ಅಕ್ಕ? ಇದೆಲ್ಲ ಕೊಬ್ಬು, ಬಳಸೋಕಾಗಲ್ಲ" ಎಂದಳು. ಡಾಕ್ಟ್ರು ಬಂದು ನೋಡಿ, ನಾಡಿದ್ದು ಬನ್ನಿ, ಅದು ತಪ್ಪಿದರೆ ಈ ತಿಂಗಳ ಕಥೆ ಮುಗಿಯಿತು ಎಂದರು.

ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ. ವಿಜ್ಞಾನ ಓದಿದವಳು ನಾನು. ಏನು ತಿನ್ನಬಾರದು ಅಂತ ಒಂದು ಮಾತು ಕೇಳಬೇಕಿತ್ತು. ಮನೆಯಲ್ಲಿ ವಿಷಯ ಕೇಳಿ ಅತ್ತೆ ಒಲೆ ಮುಂದೆ ಕೂತುಬಿಟ್ಟರು. "ನಾನೇ ಹಾಳ್ ಮಾಡಿದ್ನಲ್ಲೇ."

"ಹಾಳಾಗಿಲ್ಲ, ಎರಡು ದಿನ ಇದೆ. ನಾಳೆಯಿಂದ ಬರೀ ಗಂಜಿ ಕೊಡಿ" ಅಂದೆ.

ಗಂಜಿಯನ್ನೇ ಕೊಟ್ಟರು. ಉಪ್ಪಿನಕಾಯಿಯ ಎಣ್ಣೆಯನ್ನೂ ಸೋಸಿ ತೆಗೆದಿದ್ದರು. ಈ ಸಲ ತಿಳಿ ಹಳದಿ ಬಂತು. ನಳಿಕೆ ಒಳಗೆ ಹೋಗುವಾಗ ಹೊಟ್ಟೆ ಹಿಂಡಿತು. ಮಂಚದ ಕಂಬಿ ಹಿಡಿದು ಮಲಗಿದೆ. ಮೂರು ದಿನಕ್ಕೆ ಸ್ಕ್ಯಾನ್: ಆರು. "ಇನ್ನೊಂದ್ಸಲ ಮಾಡಿ" ಅಂತ ಡಾಕ್ಟ್ರಿಗಿಂತ ಮೊದಲು ನಾನೇ ಹೇಳಿದೆ. ಮಾಡಿದರು. ಮುಂದಿನ ಸ್ಕ್ಯಾನಿನಲ್ಲಿ ಪರದೆಯ ಮೇಲೆ ಡಾಕ್ಟ್ರು ಎರಡು ಸಲ ಅಳೆದರು. ಏಳು, ಅದರ ಮೇಲೊಂದು ಕೂದಲೆಳೆಯಷ್ಟು. ಪದರ ಬೆಳೆದದ್ದು ಅದರಿಂದಲೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಡಾಕ್ಟ್ರೂ ಹೇಳಲಿಲ್ಲ. ಭ್ರೂಣ ಹಾಕಿದರು. ನಿಂತಿತು.

ಮೊದಲ ಹೆರಿಗೆ ತವರಿನದು, ಹಾಗಾಗಿ ಮಗಳು ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ಆಸ್ಪತ್ರೆಯ ಫಾರಂನಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಕಡೆ 'ಪದವಿ' ಎಂದು ನಾನೇ ಬರೆದೆ, ಸ್ವಲ್ಪ ದೊಡ್ಡಕ್ಷರದಲ್ಲಿ.

ಜನನ ಪ್ರಮಾಣಪತ್ರಕ್ಕೆ ಹೋಗುವ ದಿನ ಹೊಸನಗರದಿಂದ ಅತ್ತೆಯೂ ಬಂದಿದ್ದರು. ಕಿಟಕಿಯಾಚೆಯ ಗುಮಾಸ್ತರು ಕಾಗದ ಚಾಚಿ, "ಮಗುವಿನ ಹೆಸರು ಖಾಲಿ ಇದೆ, ಆಮೇಲೆ ಸೇರಿಸ್ಬಹುದು" ಎಂದರು. ನಾನು ಕೈ ಚಾಚುವ ಮೊದಲೇ ಅತ್ತೆ ತೆಗೆದುಕೊಂಡರು. ಓದಲು ಬಾರದ ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನನ್ನ ಕೈಗಿಟ್ಟರು.

"ಹೆಸ್ರು ನಿಧಾನಕ್ಕೆ ಹುಡ್ಕಾಣ. ನೀನು ಮೊದ್ಲು ಇದನ್ನ ಮಡಚ್ದೆ ಇಟ್ಕೊ ಮಾರಾಯ್ತಿ, ಶಾಲೆಗೆ ಸೇರ್ಸೋವಾಗ ಕೇಳ್ತಾರೆ."