ಕಮಲಾಪುರಕ್ಕೆ ಹೊಲಿದ ಏಪ್ರನ್‌ಗಳು

ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕನೂ ನಾನೂ ಸೇರಿ ಏಪ್ರನ್ ಹೊಲಿಯುವ ಧಂದೆ ಶುರುಮಾಡಿದಾಗ ಕೆಲಸ ಹಂಚಿಕೊಂಡದ್ದು ಹೀಗೆ: ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಮಾಡುವುದು ಅಕ್ಕನ ಪಾಲು, ಡಿಸೈನು ನನ್ನ ಪಾಲು. ಡಿಸೈನೆಂದರೆ ಮಂಚದ ಮೇಲೆ ಅಂಗಾತ ಬಿದ್ದು, ಯಾವುದೋ ದೇಶದ ಗಡ್ಡದ ಗಂಡಸರು ಬ್ರೆಡ್ಡು ಸುಡುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವುದು.

ಅದಕ್ಕೆ ಮೊದಲು ಅಕ್ಕ ಸೇಡಂ ರಸ್ತೆಯ ಅಂಗಡಿಯೊಂದರಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಕೆಲಸ ಬಿಟ್ಟ ದಿನ ಅಲ್ಲಿನ ಸಾವಕಾರ ಹಲ್ಲುಕಡ್ಡಿ ಬಾಯಿಂದ ತೆಗೆಯದೆ ಹೇಳಿದ್ದ: "ಹೋಗವ್ವಾ, ಹೋಗು. ನಿನ್ನ ಕುರ್ಚಿ ಎಲ್ಲಿಗೂ ಹೋಗಂಗಿಲ್ಲ. ಧೂಳ ಒರಿಸಿ ಇಟ್ಟಿರ್ತೇನಿ." ಆ ದನಿಯನ್ನು, ಆ ಹಲ್ಲುಕಡ್ಡಿಯನ್ನು ನಾನು ಮನೆಯಲ್ಲಿ ದಿನಾ ಆಡಿ ತೋರಿಸುತ್ತಿದ್ದೆ. ಮೊದಮೊದಲು ಅಕ್ಕ ನಗುತ್ತಿದ್ದಳು. ಗಿರಾಕಿಗಳು ಬರದೇ ಹೋದಂತೆ ನಗುವುದನ್ನು ಬಿಟ್ಟಳು.

ಬಂದ ಗಿರಾಕಿಗಳೂ ಎಂಥವರು! ಹೊಸ ಕಾಫಿ ಅಂಗಡಿ ತೆರೆದವನೊಬ್ಬನಿಗೆ ಏಪ್ರನ್ ಹೊಸದಾಗಿರಬೇಕು, ಆದರೆ ಹಳೆಯದಾಗಿ ಕಾಣಬೇಕು. ಅಕ್ಕ ಚಂದಾಗಿ ಹೊಲಿದದ್ದನ್ನು ನಾನು ಬಚ್ಚಲ ಕಲ್ಲಿಗೆ ಉಜ್ಜಿ ಹಾಳುಮಾಡಿ ಕೊಟ್ಟೆ. "ಇದರಾಗ ಒಂದು ಕಥಿ ಅದ ನೋಡ್ರಿ," ಎಂದು ಅವನು ಕಣ್ಣು ಮುಚ್ಚಿ ಬಟ್ಟೆ ಸವರಿದ. ಗಾಜಿಪುರ ಓಣಿಯ ಮೆಕ್ಯಾನಿಕ್ ಒಬ್ಬ ನಮ್ಮ ಮಾಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಂಗಿ ಹೊಲಸಾಗಬಾರ್ದಂತ ಇದು. ಇದು ಹೊಲಸಾಗಬಾರ್ದಂದ್ರ ಇದರ ಮ್ಯಾಲ ಮತ್ತೇನು ಹಾಕಬೇಕ್ರೀ ಭಾಯಿ?" ಎಂದ. ನಾನು ಮಾಲು ಮಡಚಿಕೊಂಡು ಬಂದೆ.

ಆಗ ಬಂದದ್ದು ಕಮಲಾಪುರದ ರೊಟ್ಟಿ ಕೇಂದ್ರದ ಆರ್ಡರು. ಒಬ್ಬ ಆಯಿ, ಆಕೆಯ ಸೊಸೆಯಂದಿರು, ಓಣಿಯ ನಾಲ್ಕಾರು ಹೆಂಗಸರು ಸೇರಿ ಜೋಳದ ರೊಟ್ಟಿ ಬಡಿದು ಕಲಬುರಗಿಗೆ ಕಳಿಸುತ್ತಿದ್ದರು. "ಇದು ವಾಪಸ್ ಬಂತಂದ್ರ ಮುಗೀತು ತಮ್ಮಾ. ನಾ ಆ ಕುರ್ಚಿಗೇ ಹೋಗ್ತೇನಿ," ಎಂದಳು ಅಕ್ಕ. ನಾನು ಇನ್ನಷ್ಟು ಗಡ್ಡದವರ ಚಿತ್ರ ನೋಡಿದೆ. ಪೆನ್ನಿಗೊಂದು, ಫೋನಿಗೊಂದು ಜೇಬು. ಕೊರಳಿಗೆ ದಪ್ಪ ಪಟ್ಟಿ, ಹೂವಿನ ಹಾರದಂತೆ ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವಂಥದ್ದು. ರೊಟ್ಟಿ ಬಡಿಯುವವರಿಗೆ ಪೆನ್ನೇಕೆ ಎಂದು ಅಕ್ಕ ಕೇಳಿದಳು. ಡಿಸೈನ್ ನಿನಗೆ ತಿಳಿಯುವುದಿಲ್ಲ ಎಂದೆ.

ಗಂಟು ಹೊತ್ತು ಕಮಲಾಪುರದ ಬಸ್ಸು ಹತ್ತಿದೆವು. ಆಯಿ ತಾನೇ ಮೊದಲು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಪೆನ್ನಿನ ಜೇಬಿಗೆ ಎಲೆ ಅಡಿಕೆಯ ಚೀಲ ತುರುಕಿ, "ಭಾರಿ ಆಗ್ಯಾದ," ಎಂದಳು. ನಾನು ಉಬ್ಬಿದೆ. ಸೊಸೆಯಂದಿರು ಮಾತ್ರ ಏಪ್ರನ್ನನ್ನು ಕೈಯಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಹಳ್ಳಿ ಹೆಂಗಸರು, ನಾಚಿಕೆ, ಎಂದು ತಿಳಿದ ನಾನು ಒಂದನ್ನು ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಫ್ಯಾಷನ್ ಶೋದ ಹುಡುಗಿಯಂತೆ ಒಲೆಯಿಂದ ಬಾಗಿಲತನಕ ಬಳುಕಿ ನಡೆದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾರೂ ಹಾಕಿಕೊಳ್ಳಲಿಲ್ಲ.

ಕಡೆಗೆ ಹಿರೇ ಸೊಸೆ ಧೈರ್ಯಮಾಡಿ ತಲೆಯ ಮೇಲಿನ ಸೆರಗಿನ ಮೇಲಿಂದಲೇ ಪಟ್ಟಿ ಇಳಿಸಿದಳು. ಸೆರಗು ಕೊರಳಲ್ಲಿ ಸಿಕ್ಕಿಕೊಂಡು, ಗೋಣಿಚೀಲದ ಬಾಯಿ ಕಟ್ಟಿದ ಹಾಗಾಯಿತು. ಪಟ್ಟಿ ಸೆರಗಿನ ಒಳಗೆ ಹೋಗಬೇಕಾದರೆ ತಲೆ ಬರಿದು ಮಾಡಬೇಕು, ಅದೂ ಅತ್ತೆಯ ಎದುರಿಗೆ. ನಮ್ಮವ್ವನೂ ಅಜ್ಜಿಯ ಮುಂದೆ ಸೆರಗು ಜಾರಲು ಬಿಟ್ಟವಳಲ್ಲ. ಅವ್ವ ಸೆರಗು ಎಳೆದುಕೊಳ್ಳುವ ರೀತಿಯನ್ನು ಆಡಿ ತೋರಿಸಿ ಮದುವೆ ಮನೆಗಳಲ್ಲಿ ಶಭಾಷ್ ಗಿಟ್ಟಿಸಿದವನು ನಾನು. ಅಂಥ ನನ್ನ ತಲೆಗೆ ಇದು ಹೊಳೆಯಲಿಲ್ಲ. ಗಡ್ಡದವರಿಗೆ ಅತ್ತೆಯರಿರಲಿಲ್ಲವಲ್ಲ!

"ಯಾಕ್ರೇ, ನನಗ ಬಂದದ್ದು ನಿಮಗ ಬರಂಗಿಲ್ಲೇನು?" ಆಯಿ ಗದರಿದಳು. ನೀವು ಎದುರಿಗಿರುವುದರಿಂದಲೇ ಬರುತ್ತಿಲ್ಲ ಎಂದು ಸೊಸೆಯರು ಹೇಳುವ ಹಾಗಿಲ್ಲ. ನಾನು ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು.

"ಆಯಿ, ತಪ್ಪು ನಮ್ಮದ್ರೀ," ಎಂದಳು. "ಕೊಳ್ಳಾಗ ಹಾಕೋದು ಒಡತಿಗೆ ಮಾಡಿದ್ದು. ಕೆಲಸದವ್ರಿಗೆ ಹಿಂದ ಲಾಡಿ ಕಟ್ಟೋದಿರಬೇಕು. ಎಲ್ಲಾರದೂ ಒಂದೇ ಥರ ಆದ್ರ ನಿಮ್ಮ ಮಾನ ಎಲ್ಲಿ ಉಳೀತದ್ರೀ?"

ಆಯಿ ತನ್ನ ಏಪ್ರನ್ನಿನ ಎದೆ ನೀವಿಕೊಂಡಳು. "ಖರೆ ಮಾತದ. ಹಿಂಗ ಮಾಡು, ಅವ್ರದು ಬಿಚ್ಚಿ ಲಾಡಿ ಹಚ್ಚಿಕೊಂಡು ಬಾ. ಮತ್ತ, ಯವ್ವಾ, ನನ್ದು ಬಣ್ಣನೂ ಬ್ಯಾರೆ ಇರ್ಲಿ." ನನ್ನತ್ತ ನೋಡಿ, "ಈ ಕುಣಿಯೋ ಮಂಗ್ಯಾನ್ನ ಕರಕೊಂಡು ಬರ್ಬ್ಯಾಡ. ರೊಟ್ಟಿ ಸುಡಗೊಡಂಗಿಲ್ಲ ಇಂವ," ಎಂದಳು. ಹಿರೇ ಸೊಸೆ ಸೆರಗಿನ ಮರೆಯಲ್ಲಿ ಅಕ್ಕನಿಗೆ ಕೈಮುಗಿದಳು.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತು, ಸೇಫ್ಟಿ ಪಿನ್ನಿನಿಂದ ಹೊಲಿಗೆ ಬಿಚ್ಚತೊಡಗಿದಳು. ಕತ್ತರಿ ತರಬೇಕಿತ್ತು ಎಂದೆ.

"ನನ್ನ ಚಲೋ ಕತ್ತರಿ ಸಾವಕಾರನ ಅಂಗಡ್ಯಾಗೇ ಅದ," ಎಂದಳು, ತಲೆ ಎತ್ತದೆ. "ಬೇಕಂತ ಬಿಟ್ಟು ಬಂದಿದ್ದೆ. ಹೊಳ್ಳಿ ಹೋಗೂ ಪ್ರಸಂಗ ಬಂದ್ರ ಇರ್ಲಿ ಅಂತ."

"ನಾನೂ ಬರ್ತೇನಿ, ಇಬ್ಬರೂ ಕೂಡಿ ತರೂಣು," ಎಂದೆ.

"ಬ್ಯಾಡ. ನೀ ಅಲ್ಲಿ ನಕಲಿ ಮಾಡ್ತಿ, ಅಂವ ನಗ್ತಾನ, ಮಾತು ಹಗುರಾಗ್ತದ," ಎಂದಳು. "ನಾಳೆ ನಾ ಒಬ್ಬಾಕೇ ಹೋಗಿ ತರ್ತೇನಿ."